ಗೆರೆ ತಪ್ಪಿದ ಹಲ್ಲು

“ಹದಿನಾಲ್ಕೂ ಹದಿನಾಲ್ಕೂ ಕೂಡಿದ್ರೆ ಎಷ್ಟು ಸಾರ್?”

ಇನ್ಸ್‌ಪೆಕ್ಟರ್ ಕಡತದಿಂದ ಕಣ್ಣು ಕೀಳಲಿಲ್ಲ. “ಇಪ್ಪತ್ತೆಂಟು. ಈ ವಯಸ್ಸಲ್ಲಿ ನನ್ನನ್ನ ಒಂದನೇ ಕ್ಲಾಸಿಗೆ ಸೇರಿಸ್ಬೇಡಿ ಟೇಪಕ್ಕ.”

“ಆ ಮರ ಕಡಿದ ಜಾಗದಲ್ಲಿ ಅಡ್ಡಳತೆ ಮೂವತ್ನಾಲ್ಕು ಅಂಗುಲ. ಉಳಿದ ಆರು ಅಂಗುಲ ಕಡಿದೋರು ಯಾರು?”

ಇನ್ಸ್‌ಪೆಕ್ಟರ್ ಕಡತ ಮುಚ್ಚಿದರು.

ಮೊನ್ನೆ ಬೆಳಗ್ಗೆ ಹನ್ನೊಂದು ಗಂಟೆಗೆ ಬಿದ್ದ ಆ ಮರ, ಕಡತದ ಪ್ರಕಾರ, ಇಬ್ಬರನ್ನು ಹಿಡಿದಿತ್ತು: ಮರ ಕಡಿಯುವ ತಂಡದ ಮೇಸ್ತ್ರಿಯನ್ನು ತನ್ನ ಕೆಳಗೆ, ಅವನ ಬಳಿ ಕೆಲಸಕ್ಕಿದ್ದ ಟೇಪಕ್ಕನ ತಮ್ಮನನ್ನು ಲಾಕಪ್ಪಿನಲ್ಲಿ.

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಐದು ನಿಮಿಷ. ನಾಲ್ಕಕ್ಕೆ ತಮ್ಮನನ್ನು ಕೊಲೆಯ ಆರೋಪದ ಮೇಲೆ ನ್ಯಾಯಾಲಯಕ್ಕೆ ಒಯ್ಯುವವರಿದ್ದರು. ಟೇಪಕ್ಕನಿಗೆ ಕುರ್ಚಿ ಕೊಟ್ಟಿದ್ದರು. ಆಕೆ ಮೂರು ಸಲ ಕುಳಿತು ಮೂರು ಸಲ ಎದ್ದಿದ್ದಳು.

ಇಪ್ಪತ್ತಾರು ವರ್ಷ ಮರದ ಡಿಪೋದಲ್ಲಿ ದಿಮ್ಮಿಗಳ ಉದ್ದ ಮತ್ತು ಸುತ್ತಳತೆ ಹಿಡಿದವಳು ಆಕೆ. ಉಕ್ಕಿನ ಟೇಪು ಸೊಂಟದಲ್ಲಿಲ್ಲದೆ ಆಕೆಯನ್ನು ಕಂಡವರಿಲ್ಲ. ಆಕೆಯ ಸ್ವಂತ ಹೆಸರು ಈಗ ಗೊತ್ತಿದ್ದದ್ದು ತಮ್ಮನಿಗೆ ಮಾತ್ರ.

“ಅವನ ಗರಗಸ ನಿಮ್ಮ ಬೀರುವಿನಲ್ಲೇ ಇದೆ,” ಎಂದಳು. “ಬಾರ್ ಹದಿನಾಲ್ಕು ಅಂಗುಲ. ಎರಡೂ ಪಕ್ಕದಿಂದ ಹೊಕ್ರೂ ಇಪ್ಪತ್ತೆಂಟೇ. ನಡುವೆ ಆರಂಗುಲ ಮರ ಮುಟ್ಟದೇ ಉಳೀಬೇಕಿತ್ತು. ಉಳಿದಿಲ್ಲ. ಹಲ್ಲಿನ ಗೀರು ಈ ಪಕ್ಕದಿಂದ ಹೊಕ್ಕು ಆ ಪಕ್ಕದವರೆಗೂ ಎಲ್ಲೂ ತುಂಡಾಗದೆ ಹೋಗಿದೆ.”

ಬಾರ್ ಎಂದರೆ ಮೋಟಾರು ಗರಗಸದ ಹಲ್ಲಿನ ಚೈನ್ ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿ. ಅದು ಎಷ್ಟು ಉದ್ದವೋ ಗರಗಸ ಅಷ್ಟು ಆಳ ಹೋಗಬಲ್ಲದು. ಅದಕ್ಕಿಂತ ಒಂದು ನೂಲೂ ಹೆಚ್ಚಲ್ಲ.

“ಮೇಸ್ತ್ರಿದು ಮೂವತ್ತಾರು ಅಂಗುಲದ ಮಷಿನ್ ಇತ್ತಲ್ಲ. ನಿಮ್ಮ ತಮ್ಮ ಅದನ್ನ ತಗೊಂಡು ಕಡಿದ, ಅಡಗಿಸಿಟ್ಟ.”

“ಮರ ಬಿದ್ದದ್ದು ಹನ್ನೊಂದಕ್ಕೆ. ಜನ ಓಡಿ ಬಂದದ್ದು ಹನ್ನೊಂದೂ ಹತ್ತಕ್ಕೆ. ಆಗ ಅವನು ಪೆಟ್ರೋಲ್ ಡಬ್ಬ ಹಿಡ್ಕೊಂಡು ಅಲ್ಲೇ ನಿಂತಿದ್ದ. ಹತ್ತು ಕಿಲೋ ಮಷಿನ್ನು ಹತ್ತು ನಿಮಿಷದಲ್ಲಿ ಎಲ್ಲಿಗೆ ಹಾರಿಹೋಯ್ತು?”

“ಮರ ಕೈ ತಪ್ಪಿ ಬಿದ್ದಿರಬಹುದು ಅಂತೀರಾ?”

“ಇಲ್ಲ.” ಈ ಒಂದು ಮಾತಿನಿಂದ ತಮ್ಮನಿಗೆ ಲಾಭವಾಗಲಾರದೆಂದು ಗೊತ್ತಿದ್ದೂ ಆಕೆ ಸುಳ್ಳು ಹೇಳಲಿಲ್ಲ. “ಬೀಳಬೇಕಾದ ಕಡೆಗೆ ಕಚ್ಚು ತೆಗೆದಿದ್ದಾರೆ, ಪೂರ್ವಕ್ಕೆ. ಹಿಂದಿನಿಂದ ಕಡೀವಾಗ ನಡುವೆ ಮೂರಂಗುಲ ಮರ ಬಿಡಬೇಕು. ಅದು ಬಾಗಿಲಿನ ಕೀಲಿನ ಥರ, ಮರಾನ ಹಿಡಿದು ಇಳಿಸುತ್ತೆ. ಇಲ್ಲಿ ಆ ಕೀಲನ್ನ ಒಂದು ಪಕ್ಕ ಪೂರ್ತಿ ಕಡಿದುಬಿಟ್ಟಿದ್ದಾರೆ. ಅದಕ್ಕೇ ಮರ ಇನ್ನೊಂದು ಪಕ್ಕಕ್ಕೆ ತಿರುಗಿ, ಸತ್ತ ಆಳು ಮಲಗಿದ್ದ ಕಡೆಗೇ ಬಂದಿದೆ. ಬೇಕೂಂತ ಮಾಡಿದ ಕೆಲಸ.”

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. “ಆ ದೊಡ್ಡ ಮಷಿನ್ ಯಾರ ಕೈಯಿಂದ ಎಲ್ಲಿಗೆ ಹೋಯ್ತು, ಅದನ್ನ ತೋರಿಸಿ. ನಾಲ್ಕರವರೆಗೆ ಕಾಯ್ತೀನಿ. ನಾಲ್ಕೂ ಐದಕ್ಕೆ ನಂಗೆ ಫೋನ್ ಮಾಡ್ಬೇಡಿ.”

ಹೊರಗೆ ಬೆಂಚಿನ ಮೇಲೆ ತಮ್ಮನ ಹೆಂಡತಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅದರ ಮುಚ್ಚಳವನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ಒಂದು ಕಡೆ ಇಷ್ಟು ಹೊತ್ತು ಕುಳಿತದ್ದನ್ನು ಟೇಪಕ್ಕ ಕಂಡಿರಲಿಲ್ಲ.

“ಊಟ ಮಾಡಿದ್ನಾ?”

“ಅರ್ಧ. ಉಪ್ಪು ಜಾಸ್ತಿ ಆಗಿದೆ ಅಂದ್ರು. ಲಾಕಪ್ಪಲ್ಲಿ ಕೂತೂ ನನ್ನ ಅಡುಗೆಗೆ ಹೆಸರಿಡೋದು ಬಿಡಲ್ಲ ನಿಮ್ಮ ತಮ್ಮ.”

“ಏಳು. ಸಾಣೆ ಅಂಗಡಿಗೆ ಹೋಗೋಣ.”

“ಯಾಕೆ ಅತ್ತಿಗೆ?” ಅವಳ ಕೈ ಮುಚ್ಚಳದ ಮೇಲೆ ನಿಂತಿತು.

“ಕದ್ದ ಮಷಿನ್ ಆಗ್ಲಿ, ಕೊಂಡ ಮಷಿನ್ ಆಗ್ಲಿ, ಈ ಊರಲ್ಲಿ ಕೊನೆಗೆ ಬರೋದು ಅಲ್ಲಿಗೇ.”

“ವಕೀಲರನ್ನ ನೋಡೋಣ ಬನ್ನಿ. ಅಲ್ಲಿಗೆ ಹೋಗಿ ಏನು ಸಿಗುತ್ತೆ?”

ಟೇಪಕ್ಕ ಆಗಲೇ ಮೆಟ್ಟಿಲಿಳಿದಿದ್ದಳು. ಎರಡು ಬೀದಿ, ಒಂದು ತಿರುವು. ಹೆಂಚು ಜೋಡಿಸಿದ ಲಾರಿಯೊಂದು ದಾರಿಗೆ ಅಡ್ಡವಾಗಿ ನಿಂತಿತ್ತು. ಅದು ಸರಿಯುವವರೆಗೆ ಕಾಯಲಾರದೆ ಆಕೆ ಗೋಡೆಗೂ ಗಾಲಿಗೂ ನಡುವೆ ಪಕ್ಕಕ್ಕೆ ತಿರುಗಿ ನುಸುಳಿದಳು. ಹಿಂದೆ ಡಬ್ಬಿ ಗೋಡೆಗೆ ತಾಗಿ ಸದ್ದಾಯಿತು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗೋಡೆಯ ತುಂಬ ಗರಗಸಗಳು ಗಿಡ್ಡದರಿಂದ ಉದ್ದಕ್ಕೆ ಸಾಲಾಗಿ ತೂಗುತ್ತಿದ್ದವು. ಮಾರುವುದು, ಬಾಡಿಗೆಗೆ ಕೊಡುವುದು, ಹಲ್ಲು ಹರಿತ ಮಾಡುವುದು, ಮೂರನ್ನೂ ಒಬ್ಬನೇ ಮಾಡುತ್ತಿದ್ದ. ಕೊನೆಯ ಕೆಲಸದಿಂದಾಗಿ ಅವನಿಗೆ ಸಾಣೆ ಎಂದೇ ಹೆಸರು.

“ಬನ್ನಿ ಟೇಪಕ್ಕ. ಅಳೆದು ಅಳೆದು ಸಾಕಾಗಿ ಕಡಿಯೋಕೆ ಹೊರಟ್ರಾ?”

“ಹೂಂ. ಒಂದು ಮಷಿನ್ ತೋರ್ಸು.”

“ಮಲಗಿರೋ ಮರಕ್ಕಾ, ನಿಂತಿರೋ ಮರಕ್ಕಾ?”

ಕೊಳ್ಳಲು ಬಂದ ಪ್ರತಿಯೊಬ್ಬರಿಗೂ ಅವನ ಮೊದಲ ಪ್ರಶ್ನೆ ಅದೇ. ಕೊಲೆ ಮಾಡಲು ಬಂದವರನ್ನೂ ಅವನು ಹಾಗೆಯೇ ಕೇಳುತ್ತಿದ್ದನೇನೋ.

“ಏನು ವ್ಯತ್ಯಾಸ?”

“ಭೂಮಿ ಆಕಾಶ.” ಸಾಣೆಗೆ ಹುರುಪು ಬಂತು. “ಬಿದ್ದ ದಿಮ್ಮಿ ತುಂಡು ಮಾಡೋಕೆ ಹದಿನಾರು ಅಂಗುಲದ್ದು ಧಾರಾಳ. ಮನೆ ಪಕ್ಕ ಆದ್ರೆ ಕರೆಂಟಿನದು ತಗೊಳ್ಳಿ, ಅಕ್ಕಪಕ್ಕದೋರ ಬೈಗುಳ ಕಮ್ಮಿ. ನಿಂತಿರೋ ಮರಕ್ಕೆ ಪೆಟ್ರೋಲಿಂದೇ ಬೇಕು. ಬಾರ್ ಮರದ ದಪ್ಪಕ್ಕಿಂತ ಎರಡಂಗುಲ ಜಾಸ್ತಿ ಇದ್ರೆ ಒಂದೇ ಪಕ್ಕದಿಂದ ಮುಗೀತು. ಆದ್ರೆ ಉದ್ದ ಆದಷ್ಟೂ ಭಾರ, ಭಾರ ಆದಷ್ಟೂ ತೋಳು ಸೋಲುತ್ತೆ. ಸೋತ ತೋಳಲ್ಲಿ ಬಾರ್‌ನ ತುದಿ ಎಲ್ಲಾದ್ರೂ ತಾಗ್ತು ಅನ್ನಿ, ಮಷಿನ್ ಹಿಂದಕ್ಕೆ ಮುಖಕ್ಕೇ ಒದೆಯುತ್ತೆ. ಮೊದಲನೇ ಸಲ ಕೊಳ್ಳೋರೆಲ್ಲ ದೊಡ್ಡದೇ ಕೇಳ್ತಾರೆ, ಮೀಸೆ ಥರ, ತೋರಿಸ್ಕೊಳ್ಳೋಕೆ. ನಿಮ್ಮ ಮರ ಎಷ್ಟು ದಪ್ಪ?”

“ಮೂವತ್ನಾಲ್ಕು.”

ಸಾಣೆ ಎಣ್ಣೆಯ ಬಟ್ಟೆ ತೆಗೆದು ಮೇಜು ಒರೆಸತೊಡಗಿದ.

“ಅಷ್ಟು ದೊಡ್ಡದು ನನ್ನ ಹತ್ರ ಇಲ್ಲ,” ಎಂದ. “ಪೊಲೀಸ್ನೋರೂ ಇವತ್ತು ಬೆಳಗ್ಗೆ ಬಂದು ಕೇಳಿದ್ರು. ಇಲ್ಲ ಅಂದೆ. ಬೇಕಾದ್ರೆ ಗೋಡೆ ನೋಡ್ಕೊಳ್ಳಿ.”

ಟೇಪಕ್ಕ ಗೋಡೆ ನೋಡಲಿಲ್ಲ. ಆಕೆ ಕೆಲಸದ ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಳು, ತಿರುಗಿ ಬಂದಳು. ಹಲ್ಲು ಉಜ್ಜಿ ಹರಿತ ಮಾಡುವ ಅರಗಳು, ಸ್ಪಾನರುಗಳು, ಎಣ್ಣೆಯ ಬಟ್ಟೆ, ಅರ್ಧ ಕುಡಿದ ಚಹಾ, ಹರಿದ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯನ್ನು ಬೆರಳಿನಿಂದ ತಿರುಗಿಸಿದಳು. ಬದಿಯಲ್ಲಿ ಮೂವತ್ತಾರು ಎಂದು ಅಚ್ಚಾಗಿತ್ತು. ಒಳಗೆ ಚೈನ್ ಇರಲಿಲ್ಲ.

“ಇಲ್ಲದ ಮಷಿನ್ನಿಗೆ ಹೊಸ ಚೈನ್ ಯಾಕೆ ಬಿಚ್ಚಿದೆ?”

“ಅದು... ಯಾರೋ ಬಿಡಿಯಾಗಿ ತಗೊಂಡ್ರು.”

“ಯಾರು?”

“ಎಲ್ಲ ಗಿರಾಕಿ ಮುಖ ನೆನಪಿರುತ್ತಾ?”

“ಮೂವತ್ತಾರರ ಚೈನ್ ವರ್ಷಕ್ಕೆ ಎಷ್ಟು ಮಾರ್ತೀಯ?”

ವರ್ಷಕ್ಕೆ ಒಂದು. ಎರಡಾದರೆ ಆ ವರ್ಷ ಒಳ್ಳೆಯದು. ಇಬ್ಬರಿಗೂ ಅದು ಗೊತ್ತಿತ್ತು.

“ಅತ್ತಿಗೆ, ಎರಡೂವರೆ ಆಯ್ತು,” ಎಂದಳು ತಮ್ಮನ ಹೆಂಡತಿ ಬಾಗಿಲಿನಿಂದ. “ಇಲ್ಲ ಅಂತಿದಾರಲ್ಲ. ಹೋಗೋಣ ಬನ್ನಿ.”

“ನೋಡು ಸಾಣೆ,” ಟೇಪಕ್ಕನ ಧ್ವನಿ ಏರಲಿಲ್ಲ. “ನಾನು ಅಳತೆ ಹಿಡಿಯೋಳು, ಹೊಡೆಯೋಳಲ್ಲ. ನಿನ್ನ ಅಂಗಡಿ ಹುಡುಕೋಕೆ ನಂಗೆ ಅಧಿಕಾರ ಇಲ್ಲ. ನಾನು ಮಾಡೋದು ಇಷ್ಟೇ. ಈ ರಟ್ಟನ್ನ ತಗೊಂಡು ಹೋಗಿ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಇಡ್ತೀನಿ. ಪೊಲೀಸರಿಗೆ ನೀನು ಹೇಳಿದ ಸುಳ್ಳು ಎಷ್ಟು ಉದ್ದ ಅಂತ ಅವರೇ ಅಳ್ಕೊಳ್ಳಲಿ.”

ಸಾಣೆ ಬಾಗಿಲ ಕಡೆ ನೋಡಿದ, ಮೇಜಿನ ಕಡೆ ನೋಡಿದ. ಅನಂತರ ಬಗ್ಗಿ ಮೇಜಿನಡಿಯಿಂದ ಗೋಣಿ ಸುತ್ತಿದ್ದ ಒಂದು ಭಾರವನ್ನು ಎರಡೂ ಕೈಯಿಂದ ಎತ್ತಿ ಮೇಲಿಟ್ಟ.

ಗೋಣಿ ಬಿಚ್ಚಿದಾಗ ಬಣ್ಣ ಸವೆದ ಹಳೆಯ ಬಾರ್ ಕಂಡಿತು. ಅದರ ಸುತ್ತ ಚೈನ್ ಮಾತ್ರ ಹೊಚ್ಚ ಹೊಸದು.

ಟೇಪಕ್ಕ ಟೇಪು ಎಳೆದಳು. ಮೂವತ್ತಾರು.

“ಯಾರು ತಂದದ್ದು?”

“ಮೇಸ್ತ್ರಿ ಹೆಂಡ್ತಿ. ನಿನ್ನೆ ಸಂಜೆ ಆಟೋದಲ್ಲಿ ತಂದ್ರು. ಮನೇಲಿ ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಯಾರಿಗಾದ್ರೂ ಕೊಟ್ಬಿಡಿ ಅಂತ ಅತ್ರು. ಸತ್ತೋರ ಮನೆಯೋರು ಅತ್ತಾಗ ನಾನೇನು ಪ್ರಶ್ನೆ ಕೇಳ್ಲಿ? ಪೊಲೀಸ್ ಹುಡುಕ್ತಿರೋದು ಇದೇ ಅಂತ ರಾತ್ರಿ ಹೊಳೀತು. ಹೇಳಿದ್ರೆ ಅಂಗಡಿಗೆ ಬೀಗ, ನಂಗೆ ಅಲೆದಾಟ. ಅದಕ್ಕೇ ಬೆಳಗ್ಗೆ ಹಳೇ ಚೈನ್ ಕಿತ್ತು ಹೊಸದು ಹಾಕ್ದೆ.”

“ಚೈನ್ ಯಾಕೆ?”

“ಚೈನ್ ನೋಡಿದ್ರೆ ಯಾರದ್ದೂಂತ ಗೊತ್ತಾಗುತ್ತಲ್ಲ. ನಾನು ಹಾಕೋದು ಮಷಿನ್ ಸಾಣೆ, ಎಲ್ಲ ಹಲ್ಲೂ ಒಂದೇ ಸಮ. ಮೇಸ್ತ್ರಿ ಒಬ್ರೇ ಈಗ್ಲೂ ಕೈಯಲ್ಲಿ ಅರ ಹಾಕ್ತಿದ್ದೋರು.”

“ಕೊಡು ಅದನ್ನ.”

ಒಳಕೋಣೆಯ ಮೊಳೆಯಿಂದ ಅವನು ಹಳೆಯ ಚೈನನ್ನು ತಂದು ಮೇಜಿನ ಮೇಲೆ ಹರಡಿದ. ಟೇಪಕ್ಕ ಕನ್ನಡಕ ಹಾಕಿಕೊಂಡು ಬಾಗಿದಳು. ಹೊರಗೆ ಎಲ್ಲೋ ಒಂದು ಮೋಟಾರು ಹೊತ್ತಿಕೊಳ್ಳಲಾರದೆ ಮತ್ತೆ ಮತ್ತೆ ಕೆಮ್ಮುತ್ತಿತ್ತು. ಬಾಗಿಲಲ್ಲಿ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡಿತು, ಮುಚ್ಚಿಕೊಂಡಿತು.

ಚೈನಿನ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಸರದಿಯಾಗಿ ಇರುತ್ತವೆ. ಪ್ರತಿ ಹಲ್ಲಿನ ನೆತ್ತಿಯ ಮೇಲೆ ಕಾರ್ಖಾನೆಯವರೇ ಓರೆಯಾಗಿ ಒಂದು ಗೆರೆ ಕೊರೆದಿರುತ್ತಾರೆ, ಅರ ಆ ಗೆರೆಗೆ ಸಮಾನಾಂತರವಾಗಿ ಹೋಗಲೆಂದು. ಈ ಚೈನಿನಲ್ಲಿ ಎಡದ ಹಲ್ಲುಗಳೆಲ್ಲ ಗೆರೆಗೆ ಸರಿಯಾಗಿದ್ದವು. ಬಲದ ಹಲ್ಲುಗಳೆಲ್ಲ ಗೆರೆ ತಪ್ಪಿದ್ದವು. ಮೊದಲನೆಯದು ಎಷ್ಟು ತಪ್ಪಿತ್ತೋ ಕೊನೆಯದೂ ಅಷ್ಟೇ.

“ಅವರ ಬಲಗೈ ಮಣಿಕಟ್ಟು,” ಎಂದ ಸಾಣೆ. “ಹತ್ತು ವರ್ಷದ ಹಿಂದೆ ಮಷಿನ್ ಒದ್ದು ಎರಡು ತುಂಡಾಗಿತ್ತು. ಸೊಟ್ಟಗೆ ಕೂಡಿಕೊಳ್ತು. ಒಂದು ಕಡೆ ಅರ ಹಾಕೋವಾಗ ಕೈ ತಿರುಗ್ತಿರಲಿಲ್ಲ. ಕಣ್ಣು ಕಟ್ಟಿ ಮುಟ್ಟಿಸಿದ್ರೂ ಮೇಸ್ತ್ರಿ ಅರ ಅಂತ ಹೇಳ್ತೀನಿ.”

“ನಾನೂ ಹೇಳ್ತೀನಿ. ಇದೇನು, ಕೆಂಪಗೆ?”

ಕೊಂಡಿಗಳ ಮೇಲೆ, ಹಲ್ಲುಗಳ ಬೆನ್ನಿನ ಮೇಲೆ ಕೆಂಪು ಅಂಟು ಒಣಗಿ ಗಟ್ಟಿಯಾಗಿತ್ತು.

“ಆ ಮರದ್ದೇ. ಕಡಿದ್ರೆ ರಕ್ತದ ಥರ ಸುರಿಯುತ್ತೆ. ಆ ಜಾತಿದು ಈ ಕಡೆ ಅದೊಂದೇ ಮರ ಇದ್ದದ್ದು.”

“ಬೆನ್ನಿಗೆ ಹತ್ತಿದೆ. ಬಾಯಿಗೆ ಯಾಕೆ ಹತ್ತಿಲ್ಲ?”

ಸಾಣೆ ಅಸಡ್ಡೆಯಿಂದ ಬಾಗಿದ. ಅರ ತಾಗಿದ ಮುಖಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಅಂಟಿನ ಪದರ ಅರದ ಅಂಚಿಗೆ ಬಂದು ಕತ್ತರಿಸಿದಂತೆ ನಿಂತಿತ್ತು. ಅವನು ಒಂದು ಹಲ್ಲು ನೋಡಿದ, ಎರಡನೆಯದು ನೋಡಿದ. ಆಮೇಲೆ ಚೈನನ್ನು ಬೆಳಕಿಗೆ ಎಳೆದುಕೊಂಡು ಒಂದೊಂದನ್ನೇ ನೋಡತೊಡಗಿದ.

“ಅರ ಮೊದಲೋ, ಅಂಟು ಮೊದಲೋ?” ಎಂದಳು ಟೇಪಕ್ಕ.

“ಅಂಟು ಮೊದಲು.”

“ಅಂದ್ರೆ?”

“ಮರ ಕಡಿದು, ಅಂಟು ಒಣಗಿದ ಮೇಲೆ ಅರ ಹಾಕಿದ್ದಾರೆ.”

“ಅಂಟು ಒಣಗೋಕೆ ಎಷ್ಟು ಹೊತ್ತು?”

“ಒಂದು ರಾತ್ರಿನಾದ್ರೂ ಬೇಕು.”

“ಮರ ಬಿದ್ದದ್ದು ಮೊನ್ನೆ ಹನ್ನೊಂದಕ್ಕೆ. ಅದರ ಕೆಳಗೆ ಯಾರು ಸತ್ತದ್ದು?”

ಸಾಣೆ ಚೈನನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ.

“ಟೇಪಕ್ಕ, ನೀವು ಹೇಳ್ತಿರೋದು ಆಗೋ ಮಾತಲ್ಲ.”

“ನಾನೇನೂ ಹೇಳ್ಲಿಲ್ಲ. ನೀನೇ ಹೇಳಿದ್ದು. ಅಡಗಿ ಕೂತೋನು ಚೈನಿಗೆ ಯಾಕೆ ಅರ ಹಾಕ್ತಾನೆ?”

“ಯಾಕೆ ಅಂದ್ರೆ...” ಸಾಣೆ ಚೈನಿನ ಕಡೆ ನೋಡಿದ. “ಮೊಂಡ ಚೈನನ್ನ ಅವರು ಯಾರ ಕೈಗೂ ಕೊಟ್ಟೋರಲ್ಲ. ಬಾಡಿಗೆಗೆ ತಗೊಂಡ ಮಷಿನ್ನನ್ನ ನಂಗೆ ವಾಪಸ್ ಕೊಡೋವಾಗ್ಲೂ ಅರ ಹಾಕಿಯೇ ಕೊಡ್ತಿದ್ರು. ಮಷಿನ್ ಮಾರೋಕೆ ಹೋಗುತ್ತೆ ಅಂದ್ರೆ ಸುಮ್ನೆ ಕೂರೋ ಕೈಯಲ್ಲ ಅದು.”

ಗೋಣಿಯಲ್ಲಿ ಸುತ್ತಿ ಕೆರೆಗೆ ಎಸೆದಿದ್ದರೆ ಯಾರಿಗೂ ಸಿಗದಿದ್ದ ಯಂತ್ರ. ನಲವತ್ತು ವರ್ಷದ ಅಭ್ಯಾಸ ಅದನ್ನು ಹರಿತ ಮಾಡಿ, ಒರೆಸಿ, ಅಂಗಡಿಗೆ ಕಳುಹಿಸಿತ್ತು.

ಟೇಪಕ್ಕ ಫೋನ್ ತೆಗೆದಳು. ಎರಡು ಗಂಟೆ ಐವತ್ತೊಂದು ನಿಮಿಷ. ಬೆರಳು ಒಂದು ಸಲ ತಪ್ಪು ಅಂಕಿಗೆ ಬಿತ್ತು. ಅಳಿಸಿ ಮತ್ತೆ ಒತ್ತಿದಳು.

“ಮಷಿನ್ ಸಿಕ್ತಾ?” ಎಂದರು ಇನ್ಸ್‌ಪೆಕ್ಟರ್.

“ಸಿಕ್ತು. ಅದಕ್ಕೂ ಮುಂಚೆ ಒಂದು ಕೇಳ್ತೀನಿ. ಶವಪರೀಕ್ಷೆ ವರದಿ ನಿಮ್ಮ ಎದುರಿಗಿದೆಯಾ?”

“ಇದೆ.”

“ಬಲ ಮಣಿಕಟ್ಟಿನಲ್ಲಿ ಹಳೇ ಮುರಿತ ಇದೆಯಾ? ಹತ್ತು ವರ್ಷದ್ದು.”

ಹಾಳೆ ತಿರುವಿದ ಸದ್ದು. ಸಾಣೆ ಮೇಜಿಗೆ ಒರಗಿದ್ದ.

“ಎದೆ, ಪಕ್ಕೆಲುಬು, ತಲೆ... ಮುಂಗೈ. ‘ಎರಡೂ ಮಣಿಕಟ್ಟಿನ ಮೂಳೆಗಳು ಸಹಜವಾಗಿವೆ, ಹಳೆಯ ಅಥವಾ ಹೊಸ ಮುರಿತವಿಲ್ಲ.’ ಯಾಕೆ?”

ಟೇಪಕ್ಕ ಚೈನನ್ನು ತನ್ನ ಕಡೆಗೆ ಎಳೆದುಕೊಂಡಳು.

“ಸಾರ್, ಆ ಹೆಣ ಮೇಸ್ತ್ರಿದು ಅಂತ ಹೇಳಿದೋರು ಯಾರು?”

“ಮುಖ ಎಲ್ಲಿತ್ತು ಟೇಪಕ್ಕ ನೋಡೋಕೆ? ಅಂಗಿ, ವಾಚು ನೋಡಿ ಗುರುತು ಹಿಡಿದ್ರು. ಇಬ್ಬರು ಸಹಿ ಹಾಕಬೇಕು, ಹಾಕಿದ್ದಾರೆ. ಒಬ್ಬರು ಮೇಸ್ತ್ರಿ ಹೆಂಡತಿ.”

“ಇನ್ನೊಬ್ಬರು?”

“ನಿಮಗೆ ಗೊತ್ತಿಲ್ವಾ? ನಿಮ್ಮ ತಮ್ಮನ ಹೆಂಡತಿ.”

ಬಾಗಿಲಲ್ಲಿ ಮುಚ್ಚಳದ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಟೇಪಕ್ಕ ತಿರುಗಿದಳು. ತಮ್ಮನ ಹೆಂಡತಿ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಬಂದಿದ್ದಳು. ಮುಖದಲ್ಲಿ ಅಳುವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಅವಳು ಟೇಪಕ್ಕನ ಹತ್ತಿರ ಬಂದು ಫೋನಿನ ಮಾತಿನ ತುದಿಯನ್ನು ಅಂಗೈಯಿಂದ ಮುಚ್ಚಿದಳು.

“ಹೆಣದ ಕೈ ನಾನೂ ನೋಡಿದ್ದೆ ಅತ್ತಿಗೆ. ಕೈಯೂ, ಅಂಗಿಯೂ, ವಾಚೂ ಮೇಸ್ತ್ರಿದಲ್ಲ ಅಂತ ಗೊತ್ತಿದ್ದೇ ಸಹಿ ಹಾಕ್ದೆ.”

“ನಿನ್ನ ಗಂಡ ಕಣೇ ಒಳಗಿರೋದು.”

“ಒಳಗಿರೋದಕ್ಕೇ ಬದುಕಿದ್ದಾರೆ. ಮೇಸ್ತ್ರಿ ಆ ಮರ ಬೀಳಿಸಿದ್ದು ಇವರ ಮೇಲೆ ಅಂದ್ಕೊಂಡು. ಇವರು ಪೆಟ್ರೋಲಿಗೆ ಹೋಗಿದ್ರು, ದಿನಾ ಇವರು ಮಲಗೋ ಜಾಗದಲ್ಲಿ ಅವತ್ತು ಇನ್ಯಾರೋ ಮಲಗಿದ್ರು. ಇವತ್ತು ಹೊರಗೆ ಬಂದ್ರೆ ಮೇಸ್ತ್ರಿ ಇನ್ನೊಂದು ಸಲ ತಪ್ಪಲ್ಲ.”

ಫೋನಿನ ಮೇಲ್ತುದಿಯಿಂದ ಇನ್ಸ್‌ಪೆಕ್ಟರರ ಧ್ವನಿ ಸಣ್ಣದಾಗಿ, ಸ್ಪಷ್ಟವಾಗಿ ಕೇಳಿಬರುತ್ತಿತ್ತು.

“ಟೇಪಕ್ಕ, ಕೇಳ್ತಿದೆಯಾ? ಹೆಣ ಮೇಸ್ತ್ರಿದಲ್ಲ, ಮರ ಕಡಿದೋನೇ ಅವನು ಅನ್ನೋದಾದ್ರೆ ನಿಮ್ಮ ತಮ್ಮನ ಮೇಲಿನ ಕೇಸೇ ನಿಲ್ಲಲ್ಲ. ನೀವು ಒಂದು ಮಾತು ಹೇಳಿದ್ರೆ ಐದು ನಿಮಿಷದಲ್ಲಿ ಮನೆಗೆ ಕಳಿಸ್ತೀನಿ. ಹೇಳಿ, ಬಿಡ್ಲಾ?”